ತಿಳಿನೀರೆಲ್ಲ ನೈಟ್ರೇಟ್ ಇಲ್ಲದ ನೀರಲ್ಲ

ಬೆಟ್ಟದ ಒರತೆಯ ನೀರಿಗೆ ಸಮುದ್ರದ ಉಪ್ಪು ಬೆರೆಸಿ ಹವಳದ ಅಕ್ವೇರಿಯಂ ತುಂಬಿದರೆ ಪಾಚಿ ಕಟ್ಟುವುದೇ ಇಲ್ಲ ಎಂಬ ಸಂದೇಶ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ. ಇದು ಸರಿಯಲ್ಲ. ನಮ್ಮ ನೀರಿನ ಮೇಲಿನ ಅಭಿಮಾನ ಸಹಜವೇ. ಆದರೆ ಪಾಚಿಗೆ ಆಹಾರವಾಗುವ, ನೀರಿನಲ್ಲಿ ಕರಗಿರುವ ಸಾರಜನಕದ ಲವಣವಾದ ನೈಟ್ರೇಟ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಕಾಫಿ ತೋಟಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗಿ ಮಳೆನೀರಿನೊಡನೆ ಇಳಿದು ಬಾವಿ, ಒರತೆಗಳನ್ನು ಸೇರಬಲ್ಲದು. ಮೀನು ತಿನ್ನದೆ ಬಿಟ್ಟ ಆಹಾರ ಕೊಳೆತರೆ ತೊಟ್ಟಿಯೊಳಗೂ ಅದು ಹುಟ್ಟುತ್ತದೆ.

ಪರೀಕ್ಷಿಸುವುದು ಕಷ್ಟವಲ್ಲ: ಉಪ್ಪು ಬೆರೆಸುವ ಮೊದಲು ಒರತೆಯ ನೀರನ್ನೂ, ಬಳಿಕ ತೊಟ್ಟಿಯ ನೀರನ್ನೂ ನೈಟ್ರೇಟ್ ಟೆಸ್ಟ್ ಕಿಟ್‌ನಲ್ಲಿ ನೋಡಿ, ಬಣ್ಣವನ್ನು ಹಗಲು ಬೆಳಕಿನಲ್ಲಿ ಚಾರ್ಟಿಗೆ ಹೋಲಿಸಬೇಕು. ಗಾಜಿನ ಮೇಲೆ ಪಾಚಿ ದಟ್ಟವಾಗಿದ್ದೂ ಕಿಟ್ ಸೊನ್ನೆ ತೋರಿಸಿದರೆ ನಿಶ್ಚಿಂತರಾಗುವಂತಿಲ್ಲ. ಇದ್ದ ನೈಟ್ರೇಟನ್ನು ಪಾಚಿಯೇ ಹೀರಿಕೊಂಡಿರಬಹುದು.