ನಿಪ್ಪಲ್ ಇದ್ದ ಮಾತ್ರಕ್ಕೆ ಗ್ರೀಸ್ ಒಳಗೆ ಹೋಗಲ್ಲ ಸ್ವಾಮಿ

ಸ್ವೇ ಬಾರಿಗೆ ಹೊಸ ಪಾಲಿ ಬುಶ್, ಅಂದರೆ ಪಾಲಿಯುರೆಥೇನ್ ಪ್ಲಾಸ್ಟಿಕ್ಕಿನ ಬುಶ್, ಹಾಕಿಸಿ ಹದಿನೈದು ದಿನ ಆಗಿರಲ್ಲ, ಹಂಪ್ ಹತ್ತಿದರೆ ಸಾಕು, ಕಾರಿನ ಮುಂಭಾಗ ಹಳೇ ಮಂಚದ ಹಾಗೆ ಕಿರ್ರೋ ಅಂತ ಅಳೋಕೆ ಶುರು. ಕೇಳಿದರೆ ಒಂದೇ ಉತ್ತರ: "ಪಾಲಿ ಅಂದ್ರೆ ಹಾಗೇ ಸಾರ್, ಸದ್ದು ಮಾಡತ್ತೆ, ಅಭ್ಯಾಸ ಆಗತ್ತೆ." ಏನ್ರೀ ಅಭ್ಯಾಸ ಆಗೋದು? ಸದ್ದು ಬರಬಾರದು ಅಂತಲೇ ಅಲ್ವಾ ಗ್ರೀಸ್ ನಿಪ್ಪಲ್ (ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬೋ ಪುಟ್ಟ ಮೂತಿ) ಇರೋ ಬ್ರಾಕೆಟ್ಟಿಗೆ ಮಾಮೂಲಿಗಿಂತ ಜಾಸ್ತಿ ದುಡ್ಡು ಕೊಡೋದು? ಬುಶ್ಶನ್ನ ಅಪ್ಪಿ ಹಿಡಿಯೋ ಅದೇ ಬ್ರಾಕೆಟ್ ಬಿಚ್ಚಿ ನೋಡಿ. ನಿಪ್ಪಲ್ ಕೆಳಗೆ ಒಂದು ಉಂಡೆ ಗ್ರೀಸ್ ಕೂತಿರುತ್ತೆ, ಬಾರ್ ಮೇಲೆ ಒಣ ಉಜ್ಜಿದ ಹೊಳಪು. ಕೈಗೆ ಬಂದ ತುತ್ತು ಬಾಯಿಗೆ ಬಂದಿಲ್ಲ.

ಮೊದಲು ಈ "ಪಾಲಿ ಅಂದ್ರೆ ಹಾಗೇ" ಅನ್ನೋ ಸುಳ್ಳಿನ ಲೆಕ್ಕ ಚುಕ್ತಾ ಮಾಡೋಣ. ಸ್ವೇ ಬಾರ್, ಸ್ಟೆಬಿಲೈಜರ್ ಅಂತಲೂ ಕರೀತಾರೆ, ತಿರುವಿನಲ್ಲಿ ಕಾರು ವಾಲೋದನ್ನ ತಡೆಯೋಕೆ ಎಡಬಲದ ಚಕ್ರಗಳಿಗೆ ಲಿಂಕ್ ರಾಡ್ ಮೂಲಕ ಸೇರಿಕೊಂಡಿರೋ ಬಗ್ಗಿಸಿದ ಸ್ಪ್ರಿಂಗ್ ಸ್ಟೀಲ್ ಸರಳು. ಅದರ ನಡುಭಾಗವನ್ನ ಸಬ್‌ಫ್ರೇಮಿಗೆ (ಕಾರಿನಡಿಯ ಚೌಕಟ್ಟಿಗೆ) ಹಿಡಿದಿಡೋದು ಎರಡು ಡಿ ಆಕಾರದ ಬುಶ್. ಚಕ್ರ ಏರಿಳಿದಾಗೆಲ್ಲ ಬಾರ್ ಆ ಬುಶ್ ಒಳಗೆ ಕೆಲವೇ ಡಿಗ್ರಿ ಹಿಂದೆಮುಂದೆ ತಿರುಗುತ್ತೆ. ಕಂಪನಿಯಿಂದ ಬರೋ ರಬ್ಬರ್ ಬುಶ್ ಬಾರನ್ನ ಕಚ್ಚಿ ಹಿಡಿದು ತಾನೇ ತಿರುಚಿಕೊಳ್ಳುತ್ತೆ, ಕೆಲವು ಕಾರುಗಳಲ್ಲಂತೂ ರಬ್ಬರನ್ನ ಬಾರಿಗೇ ಅಂಟಿಸಿರ್ತಾರೆ. ಜಾರೋ ಕೆಲಸವೇ ಇಲ್ಲದ ಮೇಲೆ ಗ್ರೀಸ್ ಯಾಕೆ ಬೇಕು? ಪಾಲಿಯುರೆಥೇನ್ ಹಾಗಲ್ಲ. ಅದು ಗಟ್ಟಿ, ತಿರುಚಿಕೊಡಲ್ಲ, ಬಾರ್ ಅದರೊಳಗೆ ಜಾರಲೇಬೇಕು. ಒಣಗಿದ್ದರೆ ಕಚ್ಚುತ್ತೆ, ಬಿಡುತ್ತೆ, ಮತ್ತೆ ಕಚ್ಚುತ್ತೆ. ಕಿವಿಗೆ ಬೀಳೋ ಕಿರ್ರ್ ಅದೇ. ಅಂದರೆ ಸದ್ದು ಪಾಲಿಯ ಹುಟ್ಟುಗುಣ ಅಂತ ಹೇಳೋ ಬಾಯಿ, ಜಾರೋ ಜಾಗಕ್ಕೆ ಗ್ರೀಸ್ ತಲುಪಿಲ್ಲ ಅಂತ ಒಪ್ಪಿಕೊಳ್ಳೋಕೆ ತಯಾರಿಲ್ಲ ಅಷ್ಟೇ.

ಈಗ ಮಾರೋರ ಕಡೆ ಬರೋಣ. ಬ್ರಾಕೆಟ್ಟಿಗೆ ಒಂದು ನಿಪ್ಪಲ್ ಸಿಕ್ಕಿಸಿ ಡಬ್ಬದ ಮೇಲೆ "ಗ್ರೀಸೆಬಲ್" ಅಂತ ಅಚ್ಚು ಹಾಕಿಬಿಟ್ಟರೆ ಆಯ್ತಾ? ಬುಶ್ ಕೈಗೆ ತಗೊಂಡು ನೋಡಿ. ನಿಪ್ಪಲ್ ಕೂರೋ ಜಾಗಕ್ಕೆ ಸರಿಯಾಗಿ ಬುಶ್‌ನಲ್ಲಿ ಹೊರಮೈಯಿಂದ ಒಳಮೈವರೆಗೆ ತೂತು ಇರಬೇಕು. ಆ ತೂತು ಒಳಮೈಯಲ್ಲಿ ಬಾರಿನ ಸುತ್ತ ಓಡೋ ಒಂದು ತೋಡಿಗೆ ಸೇರಬೇಕು. ಬಾರ್ ಪೂರ್ತಿ ಸುತ್ತಲ್ಲವಲ್ಲ, ಕೆಲವೇ ಡಿಗ್ರಿ ಅಲುಗಾಡೋದು. ಹಾಗಾಗಿ ಭಾರ ಬೀಳೋ ಮೇಲಿನ ಕೆಳಗಿನ ಪಟ್ಟಿಯಿಂದ ಗ್ರೀಸ್ ಒಮ್ಮೆ ಒರೆಸಿಹೋದರೆ ತಾನಾಗಿ ವಾಪಸ್ ಬರಲ್ಲ, ತೋಡೇ ತಂದುಕೊಡಬೇಕು. ಒಳಮೈ ಬಳಪದ ಹಾಗೆ ನುಣ್ಣಗಿದ್ದರೆ ಗನ್ ಒತ್ತಿದಾಗ ಗ್ರೀಸ್ ಸುಲಭದ ದಾರಿ ಹುಡುಕಿಕೊಂಡು ಬುಶ್‌ಗೂ ಬ್ರಾಕೆಟ್ಟಿಗೂ ನಡುವಿನ ಸಂದಿಯಿಂದ ಆಚೆ ಬರುತ್ತೆ. ಹೊರಗೆ ಗ್ರೀಸ್ ಕಂಡಿತು, ತುಂಬಿತು ಅಂತ ಒರೆಸಿ ಕಳಿಸ್ತಾರೆ. ಒಳಗೆ ಬರಗಾಲ.

ಇದನ್ನ ಪತ್ತೆ ಮಾಡೋಕೆ ಕಾರಿನ ಕೆಳಗೆ ತೂರಬೇಕಿಲ್ಲ. ಬುಶ್ಶನ್ನ ಖಾಲಿ ಬ್ರಾಕೆಟ್ಟಿನಲ್ಲಿ ಕೂರಿಸಿ, ನಿಪ್ಪಲ್ ಬಿಚ್ಚಿ, ಆ ತೂತಿನಿಂದ ಒಂದು ತೆಳು ತಂತಿ ಹಾಕಿ. ಒಳಗಡೆ ತಂತಿ ಕಂಡರೆ ದಾರಿ ಇದೆ. ಬುಶ್ ಗೋಡೆಗೆ ತಾಗಿ ನಿಂತರೆ ತೂತುಗಳು ಒಂದರ ಮೇಲೊಂದು ಬಂದಿಲ್ಲ. ಎಷ್ಟೋ ಸಲ ಬುಶ್ ತಿರುಗಿಸಿ ಎಡಗಡೆಯದನ್ನ ಬಲಕ್ಕೆ ಹಾಕಿದರೆ ಸರಿಹೋಗುತ್ತೆ. ಅರ್ಧ ನಿಮಿಷದ ಕೆಲಸ ಇದು. ಬಾರ್ ಮೇಲೆ ಬಿಡಿಸಿ ಕೂರಿಸೋಕೆ ಅಂತ ಬುಶ್ಶಿಗೆ ಇರೋ ಸೀಳು ಎಲ್ಲಿದೆ ಅಂತಲೂ ಆಗಲೇ ನೋಡಿಕೊಳ್ಳಿ. ಗ್ರೀಸ್ ತೂತಿನ ಪಕ್ಕದಲ್ಲೇ ಸೀಳು ಬಂದಿದ್ದರೆ ತುಂಬಿದ್ದೆಲ್ಲ ಸೀಳಿನಿಂದಲೇ ನೇರ ಆಚೆ. ಸೀಳು ಮುಂದಕ್ಕೋ ಹಿಂದಕ್ಕೋ ಅನ್ನೋದು ಹಳೇ ಬುಶ್ ಹೇಗಿತ್ತೋ ಹಾಗೆ. ಬಿಚ್ಚೋ ಮುಂಚೆ ಒಂದು ಫೋಟೋ ಹೊಡೆದುಕೊಳ್ಳೋಕೆ ಏನು ಕಷ್ಟ?

ಅಳತೆ ವಿಷಯಕ್ಕೆ ಬಂದರೆ ಮೈ ಉರಿಯುತ್ತೆ. "ಆ ಮಾಡೆಲ್‌ಗೆ ಇದೇ ಬರೋದು" ಅಂತ ಅಂದಾಜಿನಲ್ಲಿ ಕೊಡೋ ವಸ್ತುವಾ ಇದು? ಪೊಳ್ಳಲ್ಲದ ಸರಳಿನ ಬಿಗಿತ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕ ಹಾಗೆ ಏರುತ್ತೆ. 20 ಮಿ.ಮೀ. ಬಾರ್ ಜಾಗದಲ್ಲಿ ಅದೇ ಆಕಾರದ 22 ಮಿ.ಮೀ. ಹಾಕಿದರೆ ಬಿಗಿತ ಸುಮಾರು 46 ಶೇಕಡಾ ಜಾಸ್ತಿ. ಅದಕ್ಕೇ ಕಂಪನಿಯವರು ಒಂದೇ ಮಾಡೆಲ್ಲಿನ ಬೇರೆ ಬೇರೆ ವೇರಿಯಂಟಿಗೆ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಮಾಡಿ ಬೇರೆ ಬಾರ್ ಕೊಡ್ತಾರೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಬುಶ್ ಕೂರೋ ಜಾಗದಲ್ಲೇ ತುಕ್ಕು ಕೆರೆದು, ವರ್ನಿಯರ್ ಹಿಡಿದು, ಕಾಲು ತಿರುವು ತಿರುಗಿಸಿ ಇನ್ನೊಂದು ಸಲ ಅಳೀಬೇಕು. ಒಂದು ಮಿಲಿಮೀಟರ್ ದೊಡ್ಡ ಬುಶ್ ಹಾಕಿದರೆ ಟಕ್ ಟಕ್ ಶುರು, ಚಿಕ್ಕದು ಹಾಕಿ ಬೋಲ್ಟ್ ಜಗ್ಗಿ ಕೂರಿಸಿದರೆ ಬಾರ್ ತಿರುಗೋದೇ ನಿಂತುಹೋಗುತ್ತೆ. ಗ್ರೀಸ್ ಹರಿಯೋಕೆ ಆಗ ಸಂದಿ ಎಲ್ಲಿರುತ್ತೆ?

ಇನ್ನು ಬಿಚ್ಚೋ ವೈಖರಿ. ಒಂದೇ ಕಡೆ ಜಾಕ್ ಏರಿಸಿ ಒಂದು ಚಕ್ರ ನೇತಾಡಿಸಿ ಬ್ರಾಕೆಟ್ ಬೋಲ್ಟಿಗೆ ಕೈ ಹಾಕೋದು. ಒಂದು ಚಕ್ರ ಕೆಳಗೆ, ಒಂದು ಮೇಲೆ ಅಂದರೆ ಬಾರ್ ತಿರುಚಿಕೊಂಡು ನಿಂತಿದೆ ಅಂತ ಅರ್ಥ. ಬೋಲ್ಟಿನ ಕೊನೇ ಎಳೆ (ಥ್ರೆಡ್) ಬಿಡೋ ಹೊತ್ತಿಗೆ ಬ್ರಾಕೆಟ್ ಎಗರುತ್ತೆ, ವಾಪಸ್ ಹಾಕೋವಾಗ ತೂತು ಸೇರಲ್ಲ, ಸುತ್ತಿಗೆ ಬರುತ್ತೆ, ಎಳೆ ಅಡ್ಡ ಹೋಗುತ್ತೆ. ಎರಡೂ ಚಕ್ರ ಒಂದೇ ಮಟ್ಟದಲ್ಲಿರಬೇಕು: ಎರಡನ್ನೂ ನೇತಾಡಿಸಿ ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಇಲ್ಲಾಂದ್ರೆ ಎರಡನ್ನೂ ರ‍್ಯಾಂಪ್ ಮೇಲೆ ಹತ್ತಿಸಿ. ಹಿಂದಿನ ಚಕ್ರಕ್ಕೆ ಅಡ್ಡಗಟ್ಟೆ ಇರಲಿ. ಬರೀ ಜಾಕ್ ನಂಬಿ ಕೆಳಗೆ ಮಲಗೋರಿಗೆ ಬುಶ್ ಬಗ್ಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ. ಲಿಂಕ್ ರಾಡಿನ ನಟ್ ಬಿಡಿಸೋವಾಗ ಅದರ ಬಾಲ್ ಜಾಯಿಂಟ್ ತಾನೂ ಸುತ್ತಿಕೊಳ್ಳುತ್ತೆ, ಹಾಗಾಗಿ ನಡುವಿನ ಷಟ್ಕೋನದ ಗುಳಿಗೆ ಅಲೆನ್ ಕೀ ಕೊಟ್ಟು ಹಿಡಿದು ನಟ್ ತಿರುಗಿಸಬೇಕು. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ ಬಿಡಿ. ಹಠ ಮಾಡಿ ಇಂಪ್ಯಾಕ್ಟ್ ಗನ್ ಹಿಡಿದರೆ ಅಲೆನ್ ಗುಳಿ ಸವೆದು ಗುಂಡಗಾಗಿ, ಗ್ರೈಂಡರಿನಲ್ಲಿ ಕತ್ತರಿಸೋ ಗತಿ ಬರುತ್ತೆ.

ಕೆಲವು ಕಾರಿನಲ್ಲಿ ಬ್ರಾಕೆಟ್ ಬೋಲ್ಟ್ ಸಬ್‌ಫ್ರೇಮಿಗೂ ಸ್ಟೀರಿಂಗ್ ರ‍್ಯಾಕ್‌ಗೂ ನಡುವೆ ಸಿಕ್ಕಿಹಾಕಿಕೊಂಡಿರುತ್ತೆ, ಸಬ್‌ಫ್ರೇಮ್ ಇಳಿಸದೆ ಆಗಲ್ಲ. ಅಂಥ ಕಡೆ ಹಾಕಿದ ನಿಪ್ಪಲ್ಲಿಗೆ ಮುಂದೆ ಯಾರು ಗ್ರೀಸ್ ಹೊಡೀತಾರೆ ಅಂತ ಕೇಳಿದರೆ ಹಲ್ಲು ಕಿರೀತಾರೆ. ನಿಪ್ಪಲ್ ಯಾವ ಕಡೆ ಮುಖ ಮಾಡಿದೆ ಅನ್ನೋದೇ ಈ ಇಡೀ ಕೆಲಸದ ಜೀವ. ಗನ್ನಿನ ಮೂತಿ ನೇರವಾಗಿ ಕಚ್ಚಬೇಕು, ಅದಕ್ಕೆ ಮುಂದೆ ಬೆರಳುದ್ದ ಜಾಗವಾದರೂ ಬೇಕು. ನೇರ ನಿಪ್ಪಲ್ಲಿಗೆ ಜಾಗ ಇಲ್ಲ ಅಂದರೆ 45 ಡಿಗ್ರಿ, 90 ಡಿಗ್ರಿ ಬಾಗಿದ್ದು ಸಿಗುತ್ತೆ. ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ, ಡ್ರೈವ್ ಶಾಫ್ಟ್, ಎಕ್ಸಾಸ್ಟ್, ಬ್ರೇಕ್ ಪೈಪ್ ಯಾವುದಕ್ಕೂ ನಿಪ್ಪಲ್ ತಾಗಲ್ಲ ಅಂತ ನೋಡಿ. ಇನ್ನೊಂದು ಮಹಾ ಕಿತಾಪತಿ ಎಳೆಯದು: ಬ್ರಾಕೆಟ್ಟಿನಲ್ಲಿ 1/4-28 ಎಳೆ (ಕಾಲು ಇಂಚು ವ್ಯಾಸ, ಇಂಚಿಗೆ 28 ಎಳೆ) ಇರುತ್ತೆ, ಕೈಗೆ ಸಿಕ್ಕ ಬಾಗಿದ ನಿಪ್ಪಲ್ ಮೆಟ್ರಿಕ್ ಎಂ6 ಇರುತ್ತೆ. 6.35 ಮಿ.ಮೀ. ತೂತಿಗೆ 6 ಮಿ.ಮೀ. ನಿಪ್ಪಲ್ ಸಡಿಲವಾಗಿ ಹೋಗಿ ಕೂತ ಹಾಗೆ ನಾಟಕ ಆಡುತ್ತೆ, ಗನ್ ಒತ್ತಿದ ಕೂಡಲೇ ಕಿತ್ತು ಬರುತ್ತೆ.

ಹಳೇ ಬ್ರಾಕೆಟ್ಟಿಗೇ ತೂತು ಕೊರೆದು ನಿಪ್ಪಲ್ ಹಾಕಿಕೊಡ್ತೀವಿ ಅನ್ನೋ ಶೂರರಿಗೆ ಬೇರೆಯೇ ಸಾಲು ಬೇಕು. ಎಳೆ ಕೊರೆಯೋ ಎಂ6 × 1 ಟ್ಯಾಪಿಗೆ (ಒಂದು ಎಳೆಗೆ ಒಂದು ಮಿ.ಮೀ.) 5 ಮಿ.ಮೀ. ಡ್ರಿಲ್, ಅದು ಗೊತ್ತಿರುತ್ತೆ. ಬ್ರಾಕೆಟ್ ತಗಡು 3 ಮಿ.ಮೀ. ಇದ್ದರೆ ಸಿಗೋದು ಮೂರೇ ಎಳೆ ಅನ್ನೋದು ಮರೆತುಹೋಗಿರುತ್ತೆ. ಹಿಡಿತ ಬೇಕಿದ್ದರೆ ಹೊರಗಡೆ ಒಂದು ನಟ್ ಬೆಸುಗೆ ಹಾಕಿ ಎಳೆ ಉದ್ದ ಮಾಡಬೇಕು. ಕೊರೆದ ತೂತಿನ ಒಳಅಂಚಿನ ಮುಳ್ಳನ್ನ ಅರದಿಂದ ತೆಗೆಯದೇ ಬಿಟ್ಟರೆ, ನಿಪ್ಪಲ್ ಬಾಲ ಒಳಗೆ ಒಂದು ಮಿಲಿಮೀಟರ್ ಚಾಚಿಕೊಂಡರೆ, ಅದು ಬುಶ್ಶಿನ ಬೆನ್ನನ್ನ ಚಾಕುವಿನ ಹಾಗೆ ಕೊರೆಯುತ್ತೆ. ಬುಶ್‌ಗೆ ತೂತು ಮಾಡದೇ ಬರೀ ಬ್ರಾಕೆಟ್ಟಿಗೆ ನಿಪ್ಪಲ್ ಹಾಕಿ ಕಳಿಸಿದ ಮಹಾನುಭಾವರೂ ಇದ್ದಾರೆ. ಅಲಂಕಾರಕ್ಕೆ ಇರಬೇಕು.

ಬಾರ್ ಸ್ವಚ್ಛ ಮಾಡೋ ಹೊತ್ತಿಗೆ ಎಲ್ಲರಿಗೂ ಊಟದ ಸಮಯ. ಬುಶ್ ಕೂರೋ ಜಾಗವನ್ನ ವೈರ್ ಬ್ರಷ್ಷಿನಿಂದ ಉಜ್ಜಿ, ಆಮೇಲೆ 320 ಅಥವಾ 400 ನಂಬರಿನ ಎಮರಿ ಪೇಪರ್ ಪಟ್ಟಿ ಮಾಡಿ ಬಾರಿನ ಸುತ್ತ ಎಳೆದು ನುಣುಪು ಮಾಡಬೇಕು. ಏಳುತ್ತಿರೋ ಪೇಂಟ್ ಚಕ್ಕೆ, ತುಕ್ಕಿನ ಹುಡಿ, ಅಂಟಿಸಿದ್ದ ಹಳೇ ರಬ್ಬರಿನ ಚೂರು ಯಾವುದೂ ಉಳೀಬಾರದು. ಉಳಿದರೆ ಗ್ರೀಸ್ ಜೊತೆ ಕಲಸಿ ಅರೆಯೋ ಕಲ್ಲಿನ ಕೆಲಸ ಮಾಡುತ್ತೆ. ಉಗುರು ಸಿಕ್ಕಿಕೊಳ್ಳೋವಷ್ಟು ಗುಳಿ ಬಿದ್ದಿದ್ದರೆ ಬುಶ್ ಎಷ್ಟು ದುಬಾರಿಯದಾದರೂ ಬೇಗ ಸವೆಯುತ್ತೆ.

ಗ್ರೀಸ್! ಪಾಲಿ ಬುಶ್ ಜೊತೆ ಒಂದು ಪುಟ್ಟ ಪೊಟ್ಟಣ ಬಂದಿರುತ್ತಲ್ಲ, ಅಂಟಂಟಾದ ಸಿಲಿಕೋನ್ ಗ್ರೀಸ್, ಅದು ಎಲ್ಲಿ ಹೋಯ್ತು? ಡಬ್ಬದ ಸಮೇತ ಕಸದ ಬುಟ್ಟಿಗೆ. ಅದರ ಬದಲು ಗನ್ನಿನಲ್ಲಿ ಮೊದಲೇ ತುಂಬಿರೋ ಮಾಮೂಲಿ ಲಿಥಿಯಂ ಚಾಸಿ ಗ್ರೀಸ್. ಖನಿಜ ಎಣ್ಣೆಯ ಗ್ರೀಸ್ ರಬ್ಬರಿಗೆ ವಿಷ, ಊದಿಸಿ ಮೆತ್ತಗೆ ಮಾಡುತ್ತೆ. ಹಲವು ಪಾಲಿ ತಯಾರಕರೂ ಅದನ್ನ ಬೇಡ ಅಂತಲೇ ಹೇಳೋದು, ಸಿಲಿಕೋನಿನ ಹಾಗೆ ಅಂಟಿಕೊಂಡು ನೀರಿಗೆ ನಿಲ್ಲಲ್ಲ. ಒಳಗೆ ಸಿಲಿಕೋನ್ ಸವರಿ ಆಮೇಲೆ ನಿಪ್ಪಲ್ಲಿನಿಂದ ಲಿಥಿಯಂ ತುಂಬೋದು ಇನ್ನೂ ಅನ್ಯಾಯ. ಎರಡೂ ಒಂದಕ್ಕೊಂದು ಹೊಂದಲ್ಲ. ಸಿಲಿಕೋನಿಗೆ ಬೇರೆ ಗನ್ ಇಟ್ಟುಕೊಳ್ಳಬೇಕು. ನಿಪ್ಪಲ್ ಇದೆಯಲ್ಲ ಆಮೇಲೆ ತುಂಬಿದರಾಯ್ತು ಅಂತ ಬುಶ್ ಒಣಗಿದ್ದಂತೆಯೇ ಹಾಕೋದೂ ತಪ್ಪು. ಮೊದಲ ಪದರ ಕೈಯಿಂದಲೇ ಆಗಬೇಕು: ಬುಶ್ಶಿನ ಒಳಮೈಗೆ, ತೋಡು ತುಂಬೋ ಹಾಗೆ, ಬಾರಿನ ಸುತ್ತ, ಸೀಳಿನ ಎರಡೂ ಮುಖಕ್ಕೆ ಧಾರಾಳವಾಗಿ. ಬ್ರಾಕೆಟ್ಟಿಗೆ ತಾಗೋ ಹೊರಮೈಗೆ ತೆಳುವಾಗಿ ಒಂದು ಸವರು. ಅದೇ ಕೈಯಲ್ಲಿ ಬೋಲ್ಟ್ ಮುಟ್ಟಬೇಡಿ. ಎಳೆಗೆ ಗ್ರೀಸ್ ಹತ್ತಿದರೆ ಅದೇ ಟಾರ್ಕಿಗೆ (ತಿರುಗಿಸಿ ಬಿಗಿಸೋ ಬಲಕ್ಕೆ) ಬೋಲ್ಟ್ ಅಗತ್ಯಕ್ಕಿಂತ ಹೆಚ್ಚು ಜಗ್ಗಿಕೊಳ್ಳುತ್ತೆ.

ಪಾಲಿ ಗಟ್ಟಿ ಇದ್ದು ಸೀಳು ಬಿಡಿಸೋಕೆ ಆಗದಿದ್ದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಒರೆಸಿ ಹಾಕಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಅಂಚು ಹರಿಯುತ್ತೆ. ಬಾರ್ ಮೇಲೆ ಪಕ್ಕಕ್ಕೆ ಸರಿಯದಂತೆ ತಡೆಯೋ ಬಳೆ ಇದ್ದರೆ ಬುಶ್ ಅದರ ಸರಿಯಾದ ಮಗ್ಗುಲಿಗೆ ಒತ್ತಿ ಕೂರಬೇಕು, ಬಳೆಯ ಮೇಲೆ ಏರಿ ಕೂರಬಾರದು. ನಾಲ್ಕೂ ಬೋಲ್ಟ್ ಕೈಯಿಂದ ಹಿಡಿಸಿ, ಆಮೇಲೆ ಒಂದಾದಮೇಲೊಂದು ಸ್ವಲ್ಪ ಸ್ವಲ್ಪವಾಗಿ. ಟಾರ್ಕ್ ಎಷ್ಟು ಅಂತ ಆ ಕಾರಿನ ಸರ್ವಿಸ್ ಪುಸ್ತಕ ಹೇಳುತ್ತೆ. ಸಾಮಾನ್ಯ 8.8 ದರ್ಜೆಯ ಎಂ8 ಬೋಲ್ಟ್ ಅಂದರೆ 25 ನ್ಯೂಟನ್ ಮೀಟರ್ ಆಸುಪಾಸು, ಎಂ10 ಅಂದರೆ 50ರ ಹತ್ತಿರ. ಒಂದೂವರೆ ಅಡಿ ಪೈಪ್ ಸಿಕ್ಕಿಸಿ ಜಗ್ಗೋರಿಗೆ ಈ ಸಂಖ್ಯೆ ಯಾವ ಲೋಕದ್ದೋ.

ಇಷ್ಟೆಲ್ಲ ಆದ ಮೇಲೆ ಯಾರೂ ಮಾಡದ ಒಂದು ಪರೀಕ್ಷೆ ಇದೆ. ಲಿಂಕ್ ರಾಡ್ ವಾಪಸ್ ಹಾಕೋ ಮುಂಚೆ ಬಾರಿನ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿ. ಒಂದು ಕೈಯಲ್ಲಿ, ಸ್ವಲ್ಪ ಬಿಗಿಯಾಗಿ, ಆದರೆ ಎಲ್ಲೂ ಸಿಕ್ಕಿಕೊಳ್ಳದೆ ತಿರುಗಬೇಕು. ಎರಡೂ ಕೈ ಹಾಕಿ ಜೋತುಬಿದ್ದರೂ ಅಲುಗಾಡದಿದ್ದರೆ ಬ್ರಾಕೆಟ್ ಬುಶ್ಶನ್ನ ಹಿಂಡುತ್ತಿದೆ. ಅಳತೆ ಸರಿ ಇದ್ದೂ ಹೀಗಾದರೆ ಬ್ರಾಕೆಟ್ಟಿನ ಎರಡೂ ಕಾಲಿಗೆ ಒಂದೇ ದಪ್ಪದ ತೆಳು ವಾಷರ್ ಕೊಟ್ಟು ಮತ್ತೆ ನೋಡಬೇಕು. ಹಾಗೇ ಬಿಟ್ಟರೆ ಬಾರ್ ಬುಶ್ಶಿನಲ್ಲೇ ಸಿಕ್ಕಿಬಿದ್ದು ಸಸ್ಪೆನ್ಷನ್ ಒರಟಾಗುತ್ತೆ, ಆಗ "ಪಾಲಿ ಹಾಕಿದರೆ ಗಾಡಿ ಗಟ್ಟಿಯಾಗತ್ತೆ ಸಾರ್" ಅಂತ ಇನ್ನೊಂದು ನೆಪ.

ಕೊನೆಗೆ ಗನ್. ನಿಪ್ಪಲ್ ತಲೆ ಬಟ್ಟೆಯಿಂದ ಒರೆಸದೆ ಮೂತಿ ಹಾಕಿದರೆ ಮೊದಲ ಒತ್ತಿಗೇ ಮಣ್ಣು ಒಳಗೆ. ಕೈ ಗನ್ನೂ ಸಾವಿರಾರು ಪಿಎಸ್ಐ ಒತ್ತಡ ಕೊಡಬಲ್ಲದು, ಟೈರಿನಲ್ಲಿರೋದು ಮೂವತ್ತು ಚಿಲ್ಲರೆ. ನಿಧಾನಕ್ಕೆ ಎರಡು ಮೂರು ಒತ್ತು, ಬುಶ್ಶಿಗೂ ಬಾರಿಗೂ ನಡುವೆ ತೆಳ್ಳಗೆ ಗ್ರೀಸ್ ಇಣುಕಿದ ಕೂಡಲೇ ನಿಲ್ಲಿಸಿ. ಗಾಳಿ ಗನ್ ಹಿಡಿದು ತುಂಬೋರು ಬುಶ್ ಊದಿಸಿ ಸೀಳು ಬಾಯಿ ಬಿಡಿಸ್ತಾರೆ. ಎಷ್ಟು ಒತ್ತಿದರೂ ಇಣುಕದಿದ್ದರೆ ಜೋರು ಹಾಕಬೇಡಿ: ನಿಪ್ಪಲ್ಲಿನ ಗುಂಡು ಸಿಕ್ಕಿಕೊಂಡಿರಬಹುದು, ಹಳೇ ಗ್ರೀಸ್ ಗಟ್ಟಿಯಾಗಿರಬಹುದು, ಇಲ್ಲವೇ ಆ ತಂತಿ ಪರೀಕ್ಷೆ ಯಾರೂ ಮಾಡಿಲ್ಲ.

ಇನ್ನೂ ಒಂದು ಉರಿ ಉಳಿದಿದೆ. ಎಷ್ಟೋ ಕಾರಿನಲ್ಲಿ ಟಕ್ ಟಕ್ ಸದ್ದು ಬರೋದು ಲಿಂಕ್ ರಾಡಿನ ಸವೆದ ಬಾಲ್ ಜಾಯಿಂಟಿನಿಂದ, ಬದಲಾಯಿಸೋದು ಬುಶ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಿರ್ರ್ ಅನ್ನೋ ಸದ್ದಾದರೆ ಬುಶ್ ಮೇಲೆ ನೀರು ಚಿಮುಕಿಸಿ ಬಾನೆಟ್ ಒತ್ತಿ ಕುಲುಕಿಸಿ. ಸದ್ದು ಸ್ವಲ್ಪ ಹೊತ್ತು ಹೋದರೆ ಬುಶ್ಶೇ ಕಳ್ಳ. ಟಕ್ ಟಕ್ ಆದರೆ ಎರಡೂ ಚಕ್ರ ನೆಲದ ಮೇಲಿರೋವಾಗಲೇ ಲಿಂಕ್ ರಾಡ್ ಹಿಡಿದು ಜೋರಾಗಿ ಅಲ್ಲಾಡಿಸಿ, ಸಡಿಲ ಕೈಗೇ ಸಿಗುತ್ತೆ. ಇದ್ಯಾವುದೂ ಮಾಡದೆ ಹಳೇ ರಬ್ಬರ್ ಬುಶ್ಶಿಗೆ ತುಕ್ಕು ಬಿಡಿಸೋ ಎಣ್ಣೆ ಹೊಡೆದು, ಎರಡು ದಿನ ಬಾಯಿ ಮುಚ್ಚಿಸಿ, ಮೂರನೇ ದಿನ ರಬ್ಬರ್ ಊದಿದ ಮೇಲೆ "ಗ್ರೀಸೆಬಲ್ ಹಾಕಿಸಿಬಿಡಿ" ಅಂತಾರಲ್ಲ, ಅವರ ಕೈಗೆ ಮೊದಲು ಆ ತೆಳು ತಂತಿ ಕೊಡಿ. ತೂತಿನಿಂದ ತೂರಿಸಿ ತೋರಿಸಲಿ, ಆಮೇಲೆ ಬೋಲ್ಟ್ ಮುಟ್ಟಲಿ.