ಆ ಮೆರವಣಿಗೆ ಮೈದಾನಕ್ಕೆ ಹೋಗಬಾರದು

ಕೇಪ್‌ಟೌನಿಗೆ ಕೆಲಸಕ್ಕೆಂದು ಬರುವ ನಮ್ಮವರಿಗೆ ಇಲ್ಲಿನ ಹಳಬರು ಕೊಡುವ ಸಲಹೆಗಳಲ್ಲಿ ಇದೂ ಒಂದು: "ಜನವರಿ ಎರಡಕ್ಕೆ ಸಿಟಿ ಕಡೆ ತಲೆ ಹಾಕಬೇಡಿ. ರಸ್ತೆ ಬಂದ್, ಗಲಾಟೆ, ಪಿಕ್‌ಪಾಕೆಟ್. ಸುಮ್ನೆ ಬೀಚಿಗೆ ಹೋಗಿ ಆರಾಮಾಗಿರಿ." ಹೀಗೆ ಹೇಳುವವರಲ್ಲಿ ಹೆಚ್ಚಿನವರು ಅವತ್ತು ಅಲ್ಲಿ ನಡೆಯುವ ಮೆರವಣಿಗೆಗೆ ಹೋದವರೇ ಅಲ್ಲ. ನಾನು ಹೋಗುತ್ತೇನೆ, ಇಡೀ ದಿನ ನಿಲ್ಲುತ್ತೇನೆ, ಮುಖ ಸುಟ್ಟುಕೊಂಡು ಬರುತ್ತೇನೆ. ಮರುದಿನ ಯಾರಾದರೂ ಒಬ್ಬರು "ಇಷ್ಟೆಲ್ಲ ತೊಂದರೆ ಯಾಕೆ, ಯಾವುದಾದರೂ ಸ್ಟೇಡಿಯಂನಲ್ಲಿ ಮಾಡಬಾರದಾ?" ಎಂದು ಕೇಳೇ ಕೇಳುತ್ತಾರೆ. ಅವರಿಗೆ ಉತ್ತರ ಕೊಡೋಣ ಅಂತ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು 'ಕಾಪ್ಸೆ ಕ್ಲೊಪ್ಸೆ' ಎಂಬ ಬೀದಿ ಹಬ್ಬದ ಬಗ್ಗೆ. ಇಂಗ್ಲಿಷಿನವರು ಮಿನ್‌ಸ್ಟ್ರೆಲ್ ಕಾರ್ನಿವಲ್ ಅಂತಾರೆ. ಇದು ನಡೆಯುವ ದಿನಕ್ಕೆ 'ಟ್ವೀಡೆ ನೂವೆ ಯಾರ್' ಎಂದು ಹೆಸರು, ಅಂದರೆ ಎರಡನೇ ಹೊಸವರ್ಷ. ಕೆಲವು ವರ್ಷ ದಿನಾಂಕ ಆಚೀಚೆ ಆಗುವುದುಂಟು. ಕೋವಿಡ್ ಕಾಲದಲ್ಲಿ, 2021 ಮತ್ತು 2022ರಲ್ಲಿ, ನಡೆಯಲೇ ಇಲ್ಲ. ಉಳಿದಂತೆ ಬೇಸಿಗೆಯ ನಡುಮಧ್ಯದಲ್ಲಿ (ಇಲ್ಲಿ ಜನವರಿ ಅಂದರೆ ಬೇಸಿಗೆ) ಸಾವಿರಾರು ಜನ ಮಿರಮಿರ ಹೊಳೆಯುವ ಸ್ಯಾಟಿನ್ ಅಂಗಿ, ಪ್ಯಾಂಟು, ಟೋಪಿ ಹಾಕಿಕೊಂಡು, ಕೈಯಲ್ಲಿ ಪುಟ್ಟ ಕೊಡೆ ತಿರುಗಿಸುತ್ತಾ ಪೇಟೆಯ ನಡುವಿನಿಂದ ಕುಣಿದು ಹೋಗುತ್ತಾರೆ. ಪ್ರತಿ ತಂಡಕ್ಕೂ ಅದರದೇ ಬಣ್ಣ. ಆ ವರ್ಷದ ಬಣ್ಣ ಯಾವುದೆಂದು ಕೊನೆಯವರೆಗೂ ಗುಟ್ಟು. ದರ್ಜಿಗಳು ತಿಂಗಳುಗಟ್ಟಲೆ ಹೊಲಿಯುತ್ತಾರೆ. ಬಟ್ಟೆಯ ದುಡ್ಡನ್ನು ಹೆಚ್ಚಿನವರು ತಮ್ಮ ಸಂಬಳದಲ್ಲೇ ಕಂತು ಕಂತಾಗಿ ಕಟ್ಟುತ್ತಾರೆ.

ಮುಂದೆ ಕೋಲು ತಿರುಗಿಸುವ ಡ್ರಮ್ ಮೇಜರ್. ಅವನ ಹಿಂದೆ ಬ್ಯಾಂಜೋ, ಸ್ಯಾಕ್ಸೊಫೋನು, ಟ್ರಂಪೆಟ್. ಎಲ್ಲದರ ಅಡಿಯಲ್ಲಿ ಗೂಮಾ ಎಂಬ ಚರ್ಮವಾದ್ಯ. ಹಿಂದೆ ಸಣ್ಣ ವೈನ್ ಪೀಪಾಯಿಗೆ ಚರ್ಮ ಬಿಗಿದು ಮಾಡುತ್ತಿದ್ದರು. ಕೈಯಲ್ಲೇ ಬಾರಿಸುವುದು. ಅದರ ಏಟು ಮೊದಲು ಕಿವಿಗೆ ಬೀಳುವುದಿಲ್ಲ, ಅಂಗಾಲಿಗೆ ಬರುತ್ತದೆ. ಎಂಬತ್ತು ದಾಟಿದ ಅಜ್ಜಿಯರು ಮಡಚುವ ಕುರ್ಚಿಯಿಂದ ಎದ್ದು ಸೊಂಟ ತಿರುಗಿಸುತ್ತಾರೆ. ನಡೆಯಲು ಆಗತಾನೆ ಕಲಿತ ಮಕ್ಕಳೂ ಅಪ್ಪನ ಬಣ್ಣದ್ದೇ ಬಟ್ಟೆಯಲ್ಲಿ ಮೆರವಣಿಗೆಯಲ್ಲಿರುತ್ತಾರೆ. ಒಳ್ಳೆಯ ಜಾಗ ಹಿಡಿಯಲು ಕುಟುಂಬಗಳು ಹಿಂದಿನ ರಾತ್ರಿಯೇ ಟೆಂಟು, ಐಸ್ ಡಬ್ಬ, ಊಟದ ಪಾತ್ರೆ ಸಮೇತ ಫುಟ್‌ಪಾತಿಗೆ ಬಂದು ಮಲಗುತ್ತವೆ. ಪಕ್ಕದ ಟೆಂಟಿನವರು ಸಮೋಸಾ ಕೊಟ್ಟರು, ಆಮೇಲೆ ಪಾಕದಲ್ಲಿ ಅದ್ದಿ ಕೊಬ್ಬರಿಯಲ್ಲಿ ಹೊರಳಿಸಿದ ಕೂಸಿಸ್ಟರ್ ಕೊಟ್ಟರು. ರೋಟಿ, ಅಚಾರ್, ಸಮೋಸಾ ಎಲ್ಲವೂ ಇಲ್ಲಿ ಮನೆಮಾತು. ಅದಕ್ಕೊಂದು ಕಾರಣ ಇದೆ. ಆ ಕಾರಣ ಅಷ್ಟೇನೂ ಸಿಹಿಯಾದದ್ದಲ್ಲ.

1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ಠಾಣ್ಯ ಹೂಡಿತು. ಮುಂದಿನ ಸುಮಾರು ಒಂದೂವರೆ ಶತಮಾನದಲ್ಲಿ ಕೇಪ್‌ಗೆ ಹಡಗಿನಲ್ಲಿ ತಂದ ಗುಲಾಮರು ಅಂದಾಜು 63,000. ಮಡಗಾಸ್ಕರ್, ಮೊಜಾಂಬಿಕ್, ಇಂಡೋನೇಷ್ಯಾದ ದ್ವೀಪಗಳಿಂದ ಬಂದವರ ಜೊತೆಗೆ, ಸುಮಾರು ಕಾಲು ಪಾಲು ಜನ ಭಾರತದವರು. ಬಂಗಾಳ, ಮಲಬಾರ್, ಕೋರಮಂಡಲ ಕರಾವಳಿಯವರು. ಹಳೆಯ ದಾಖಲೆಗಳಲ್ಲಿ ಅವರ ಹೆಸರು 'ಏಂಜೆಲಾ ವಾನ್ ಬೆಂಗಾಲೆ' ಎಂಬ ಹಾಗಿದೆ. ಹುಟ್ಟಿದಾಗ ಇಟ್ಟ ಹೆಸರು ಹೋಗಿ ಊರಿನ ಹೆಸರು ಮಾತ್ರ ಅಂಟಿಕೊಂಡಿತು. ಅಡ್ಡರ್ಲಿ ಸ್ಟ್ರೀಟಿನ ತುದಿಯಲ್ಲಿ ಕಂಪನಿ ತನ್ನ ಗುಲಾಮರನ್ನು ಕೂಡಿಹಾಕುತ್ತಿದ್ದ ಸ್ಲೇವ್ ಲಾಡ್ಜ್ ಈಗ ಮ್ಯೂಸಿಯಂ. ಇಲ್ಲಿ ಇರುವ ಭಾರತೀಯರು ಒಮ್ಮೆಯಾದರೂ ಅದರೊಳಗೆ ಹೋಗಿ ಬರಬೇಕು. "ನಮಗೂ ಈ ಕುಣಿತಕ್ಕೂ ಏನು ಸಂಬಂಧ" ಎನ್ನುವವರು ಎರಡು ಸಲ ಹೋದರೂ ತಪ್ಪಿಲ್ಲ.

ಹೊಸವರ್ಷದ ದಿನ ಯಜಮಾನರ ಮನೆಯಲ್ಲಿ ಹಬ್ಬ. ಅಂದರೆ ಗುಲಾಮರಿಗೆ ಬೆನ್ನು ಮುರಿಯುವಷ್ಟು ಕೆಲಸ. ಅವರಿಗೆ ಬಿಡುವು ಸಿಗುತ್ತಿದ್ದದ್ದು ಮರುದಿನ. ಜನವರಿ ಎರಡರ ಹಬ್ಬ ಶುರುವಾಗಿದ್ದು ಹೀಗೆ. 1834ರ ಡಿಸೆಂಬರ್ 1ಕ್ಕೆ ಗುಲಾಮಗಿರಿ ರದ್ದಾಯಿತು. ಆದರೂ ಕೆಲಸ ಕಲಿಯುವ ನೆಪದಲ್ಲಿ ಇನ್ನೂ ನಾಲ್ಕು ವರ್ಷ ಅದೇ ಯಜಮಾನರ ಬಳಿ ದುಡಿಸಿಕೊಂಡರು. 1838ರಲ್ಲಿ ನಿಜವಾಗಿ ಬಿಡುಗಡೆಯಾದಾಗ ಜನ ಹಾಡುತ್ತಾ ಬೀದಿಗೆ ಇಳಿದರು. ಅಲ್ಲಿಂದ ಇಲ್ಲಿಯವರೆಗೆ ಬೀದಿಯೇ ಈ ಹಬ್ಬದ ಮನೆ.

ಇನ್ನು ಕುಣಿಯುವವರು ಮುಖಕ್ಕೆ ಬಳಿದುಕೊಳ್ಳುವ ಬಣ್ಣ. ನನ್ನ ಫೋಟೋ ನೋಡಿದ ಅಮೆರಿಕದ ಗೆಳೆಯನೊಬ್ಬ ಗಾಬರಿಯಿಂದಲೇ ಕೇಳಿದ. ಅವನ ಗಾಬರಿ ಸುಳ್ಳಲ್ಲ. ಅಮೆರಿಕದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಆಟವೇ ಮಿನ್‌ಸ್ಟ್ರೆಲ್ ಶೋ. ಅಂಥ ತಂಡಗಳು ಕೇಪ್‌ಟೌನಿಗೂ ಬಂದವು. 1862ರಲ್ಲಿ ಬಂದ ಕ್ರಿಸ್ಟಿ ಮಿನ್‌ಸ್ಟ್ರೆಲ್ಸ್ ಇಲ್ಲಿ ಭಾರೀ ಹೆಸರು ಮಾಡಿತು. ಆದರೆ 1890ರಲ್ಲಿ ಬಂದವನು ಬೇರೆ ತರದವನು. ಆರ್ಫಿಯಸ್ ಮಕಡೂ ಎಂಬ ಕಪ್ಪು ಗಾಯಕ, ಸ್ವತಃ ಗುಲಾಮನಾಗಿ ಹುಟ್ಟಿದವನು, ತನ್ನ ಜ್ಯೂಬಿಲಿ ಸಿಂಗರ್ಸ್ ತಂಡ ಕಟ್ಟಿಕೊಂಡು ಬಂದ. ಕೇಪ್‌ನ ಜನ ಎರಡನ್ನೂ ನೋಡಿದರು. ಉಡುಪು, ಬ್ಯಾಂಜೋ, ಬಣ್ಣ ಎಲ್ಲ ತಗೊಂಡರು, ತಮ್ಮ ಗೂಮಾ ಜೊತೆ ಸೇರಿಸಿದರು, ತಮಗೆ ಬೇಕಾದ ಹಾಗೆ ತಿರುಗಿಸಿಕೊಂಡರು. ಈಗ ಮುಖದ ಮೇಲೆ ಮಿನುಗುಪುಡಿ, ತಂಡದ ಬಣ್ಣಗಳು. ಹಳೆಯ ಕಪ್ಪುಬಿಳುಪು ಬಣ್ಣ ಕಡಿಮೆಯಾಗುತ್ತಿದೆ. ಅದು ಪೂರ್ತಿ ಹೋದರೆ ನನಗೇನೂ ಬೇಜಾರಿಲ್ಲ. ಆದರೆ ಅದನ್ನು ತೀರ್ಮಾನ ಮಾಡಬೇಕಾದವರು ಕುಣಿಯುವವರು. ನಾನೂ ಅಲ್ಲ, ನನ್ನ ಅಮೆರಿಕದ ಗೆಳೆಯನೂ ಅಲ್ಲ.

ಈಗ ಸ್ಟೇಡಿಯಂ ಮಾತಿಗೆ ಬರುತ್ತೇನೆ.

ಮೆರವಣಿಗೆ ಸಾಮಾನ್ಯವಾಗಿ ಹೊರಡುವುದು ಡಿಸ್ಟ್ರಿಕ್ಟ್ ಸಿಕ್ಸ್‌ನಿಂದ. ಪೇಟೆಗೆ ಅಂಟಿಕೊಂಡಿದ್ದ, ಎಲ್ಲ ಜಾತಿ ಧರ್ಮದವರು ಒತ್ತೊತ್ತಾಗಿ ಬದುಕುತ್ತಿದ್ದ ಬಡಾವಣೆ ಅದು. ಕ್ಲೊಪ್ಸೆ ತಂಡಗಳ ತವರು. 1966ರ ಫೆಬ್ರವರಿ 11ರಂದು ವರ್ಣಭೇದದ ಸರಕಾರ ಅದನ್ನು ಬಿಳಿಯರ ಪ್ರದೇಶ ಎಂದು ಘೋಷಿಸಿತು. ಮುಂದೆ 60,000ಕ್ಕೂ ಹೆಚ್ಚು ಜನರನ್ನು ಹೊರಗೆ ಹಾಕಿದರು. ಮನೆಗಳ ಮೇಲೆ ಬುಲ್ಡೋಜರ್ ಓಡಿಸಿದರು. ಮಸೀದಿ, ಚರ್ಚುಗಳನ್ನು ಮಾತ್ರ ಉಳಿಸಿದರು. ಜನ ಹೋಗಿ ಬಿದ್ದದ್ದು ಕೇಪ್ ಫ್ಲಾಟ್ಸ್ ಎಂಬ ಮರಳು ಬಯಲಿಗೆ. ಮ್ಯಾನೆನ್‌ಬರ್ಗ್, ಹ್ಯಾನೋವರ್ ಪಾರ್ಕ್, ಮಿಚೆಲ್ಸ್ ಪ್ಲೇನ್. ಅಕ್ಕಪಕ್ಕದ ಮನೆಯವರನ್ನು ಬೇರೆ ಬೇರೆ ಕಡೆ ಚೆಲ್ಲಿದರು. ಡಿಸ್ಟ್ರಿಕ್ಟ್ ಸಿಕ್ಸ್‌ನ ದೊಡ್ಡ ಭಾಗ ಇವತ್ತಿಗೂ ಹುಲ್ಲು ಬೆಳೆದ ಖಾಲಿ ನೆಲ. ಮೆರವಣಿಗೆಯನ್ನೂ ಬಿಡಲಿಲ್ಲ. ಹಲವು ವರ್ಷ ಪೇಟೆಯೊಳಗೆ ಬರಗೊಡದೆ ಮೈದಾನಗಳಿಗೆ ಅಟ್ಟಿದರು.

ಹಾಗಾಗಿ "ಸ್ಟೇಡಿಯಂಗೆ ಕಳಿಸಿ" ಎನ್ನುವುದು ಹೊಸ ಐಡಿಯಾ ಏನಲ್ಲ. ಅದನ್ನು ಮೊದಲು ಯಾರು ಮಾಡಿ ತೋರಿಸಿದರು ಎಂದು ಒಂದು ಕ್ಷಣ ಯೋಚಿಸಿ. ಡಿಸ್ಟ್ರಿಕ್ಟ್ ಸಿಕ್ಸ್‌ನಿಂದ ಹೊರಟು ಡಾರ್ಲಿಂಗ್ ಸ್ಟ್ರೀಟಿನಲ್ಲಿ ಸಿಟಿ ಹಾಲ್ ಮುಂದೆ ಹಾದು, ಅಡ್ಡರ್ಲಿ, ವೇಲ್ ಸ್ಟ್ರೀಟ್ ದಾಟಿ ಬೊ-ಕಾಪ್ ಎಂಬ ಹಳೆಯ ಕೇರಿಯ ಗುಡ್ಡದ ಕಡೆಗೆ ಹೋಗುವ ಆ ದಾರಿ ಸುಮ್ಮನೆ ಆರಿಸಿದ್ದಲ್ಲ. ಕಳೆದುಕೊಂಡ ಕೇರಿಯಿಂದ, ಉಳಿಸಿಕೊಂಡ ಕೇರಿಗೆ ನಡೆಯುವುದು ಅದು. ನಡುವೆ ಬರುವ ಸಿಟಿ ಹಾಲ್‌ನ ಬಾಲ್ಕನಿಯಲ್ಲಿ ನಿಂತೇ ಮಂಡೇಲಾ ಜೈಲಿನಿಂದ ಬಿಡುಗಡೆಯಾದ ದಿನ ಮಾತಾಡಿದ್ದು. ಅದೂ ಫೆಬ್ರವರಿ 11ರಂದೇ, 1990ರಲ್ಲಿ. ಬೆಂಗಳೂರು ಕರಗವನ್ನು ಪೇಟೆ ಬೀದಿಗಳಿಂದ ಎತ್ತಿ ಅರಮನೆ ಮೈದಾನದಲ್ಲಿ ಟಿಕೆಟ್ ಇಟ್ಟು ಮಾಡಿ ಅಂದರೆ ತಿಗಳರ ಪೇಟೆಯವರು ಏನು ಹೇಳುತ್ತಾರೆ? ಇವರೂ ಅದನ್ನೇ ಹೇಳುತ್ತಿದ್ದಾರೆ. ಸ್ಟೇಡಿಯಂನಲ್ಲಿ ಸ್ಪರ್ಧೆಗಳು ಬೇರೆ ಇದ್ದೇ ಇವೆ. ಜನವರಿ, ಫೆಬ್ರವರಿಯಲ್ಲಿ ವಾರಗಟ್ಟಲೆ ನಡೆಯುತ್ತವೆ. ಹಾಡು, ಉಡುಪು, ಬ್ಯಾಂಡು ಎಲ್ಲಕ್ಕೂ ಅಂಕ, ಕಪ್, ಜಗಳ. ಬೀದಿಯದು ಬೇರೆಯೇ ವಿಷಯ.

ತೊಂದರೆಗಳೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೇಳಿದ ಹೊತ್ತಿಗೆ ಮೆರವಣಿಗೆ ಹೊರಡುವುದೇ ಇಲ್ಲ. ಒಂದು ತಂಡ ಹೋಗಿ ಇನ್ನೊಂದು ಬರುವಷ್ಟರಲ್ಲಿ ಅರ್ಧ ನಿದ್ದೆ ಮಾಡಬಹುದು. ಅನುಮತಿ, ಅನುದಾನದ ಬಗ್ಗೆ ಸಂಘಟಕರಿಗೂ ನಗರ ಆಡಳಿತಕ್ಕೂ ಹಗ್ಗಜಗ್ಗಾಟ ಮುಗಿಯುವುದಿಲ್ಲ. ಕೆಲವು ತಂಡಗಳ ಹಿಂದೆ ಗ್ಯಾಂಗುಗಳ ದುಡ್ಡಿದೆ ಎಂಬ ಆರೋಪ ಹಳೆಯದು. ಆದರೆ ಕೇಪ್ ಫ್ಲಾಟ್ಸ್‌ನಲ್ಲಿ ಗ್ಯಾಂಗು ಇಲ್ಲದ ವಿಷಯ ಯಾವುದಿದೆ ಹೇಳಿ? ಹದಿನಾಲ್ಕು ವರ್ಷದ ಹುಡುಗ ಸಂಜೆ ಹೊತ್ತು ಟ್ರಂಪೆಟ್ ಹಿಡಿದು ಪ್ರಾಕ್ಟೀಸಿಗೆ ಹೋಗುತ್ತಾನಲ್ಲ, ಆ ಊರಲ್ಲಿ ಅದು ದೊಡ್ಡ ವಿಷಯ. ಶಾಲೆಯಲ್ಲಿ ಸಂಗೀತದ ಮೇಷ್ಟ್ರು ಇಲ್ಲದ ಕಡೆ ತಂಡವೇ ಅವನ ಸಂಗೀತ ಶಾಲೆ.

ಇದೇ ಊರಿನಲ್ಲಿ ಇನ್ನೊಂದು ಕಾರ್ನಿವಲ್ ಇದೆ. 2010ರಲ್ಲಿ ಶುರುವಾಗಿದ್ದು, ಮಾರ್ಚ್ ತಿಂಗಳಲ್ಲಿ ಗ್ರೀನ್ ಪಾಯಿಂಟ್ ಕಡೆ ನಡೆಯುತ್ತದೆ. ದೊಡ್ಡ ದೊಡ್ಡ ಅಲಂಕಾರದ ಗಾಡಿಗಳು, ಚೆಂದದ ಬೆಳಕು, ಎಲ್ಲ ಅಚ್ಚುಕಟ್ಟು. ನೋಡಲು ಸೊಗಸು. ನಮ್ಮವರು ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ, ಸ್ಟೇಟಸ್ ಹಾಕುತ್ತಾರೆ. ಹೋಗಲಿ, ಒಳ್ಳೆಯದೇ. ಆದರೆ ಅದು ನೋಡುವವರಿಗಾಗಿ ಮಾಡಿದ ಹಬ್ಬ. ಜನವರಿಯದನ್ನು ಯಾರೂ ನೋಡದಿದ್ದರೂ ಅವರು ಕುಣಿಯುತ್ತಾರೆ. ಟೂರಿಸ್ಟ್ ಕ್ಯಾಮೆರಾ ಕಡೆ ತಿರುಗಿಯೂ ನೋಡದೆ, ಫುಟ್‌ಪಾತಿನಲ್ಲಿ ಕೂತ ಅತ್ತೆಯನ್ನು ಹುಡುಕಿ ಕೈಬೀಸುವ ಜನ ಅವರು. ಹೊರಗಿನವರಾದ ನಮಗೆ ಅಲ್ಲಿ ಮುಂದಿನ ಸಾಲು ಇಲ್ಲ. ಇರಲೂಬಾರದು.

ಮುಂದಿನ ಸಲ ಯಾರಿಗಾದರೂ ಬರುವ ಮನಸ್ಸಿದ್ದರೆ, ಟೋಪಿ ಮತ್ತು ನೀರು ಜಾಸ್ತಿ ಇರಲಿ. ಸೌತ್‌ಈಸ್ಟರ್ ಗಾಳಿ ಎದ್ದರೆ ಕೊಡೆ ಹಾರಿ ಹೋಗುತ್ತದೆ, ಅದನ್ನು ನಂಬಿಕೊಂಡು ಬರಬೇಡಿ. ಮೊಬೈಲ್ ಒಳಜೇಬಿನಲ್ಲಿರಲಿ. ರಾತ್ರಿಯಿಡೀ ಜಾಗ ಕಾದವರ ಕುರ್ಚಿ ಮುಂದೆ ಹೋಗಿ ನಿಂತುಕೊಳ್ಳಬೇಡಿ. ಖಾಲಿ ಕೈಯಲ್ಲೂ ಬರಬೇಡಿ, ಮನೆಯಲ್ಲಿ ಮಾಡಿದ ಕೋಡುಬಳೆನೋ ಚಕ್ಕುಲಿನೋ ಒಂದು ಡಬ್ಬ ತನ್ನಿ. ಪಕ್ಕದವರು ಏನಾದರೂ ಕೊಟ್ಟೇ ಕೊಡುತ್ತಾರೆ, ವಾಪಸ್ ಕೊಡೋಕೆ ನಿಮ್ಮ ಹತ್ತಿರವೂ ಏನಾದರೂ ಇರಬೇಕಲ್ವಾ? ಟ್ರಾಫಿಕ್ ಚಿಂತೆ ಇರುವವರು ಕಾರನ್ನು ಮನೆಯಲ್ಲೇ ಬಿಟ್ಟು ಬನ್ನಿ.