ಸಂಬಳದ ಚೀಟಿಯಲ್ಲಿ ‘ಇತರೆ’ ಎಂದು ಬರೆದವರೇ

ನನ್ನ ಗಂಡ ಯುಎಇಯ ಶಾರ್ಜಾದ ಒಂದು ಅಲ್ಯೂಮಿನಿಯಂ ಕಿಟಕಿ-ಬಾಗಿಲಿನ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. 2011ರ ಮಾರ್ಚ್‌ನಲ್ಲಿ ಅವರು ವಿಮಾನ ಹತ್ತಿದಾಗ ಮಗಳಿಗೆ ಏಳು ತಿಂಗಳು. 2025ರ ಮಾರ್ಚ್‌ನಲ್ಲಿ ಕೆಲಸ ಬಿಟ್ಟು ಊರಿಗೆ ಬಂದಾಗ ಅವಳು ಒಂಬತ್ತನೆಯ ತರಗತಿಯ ಪರೀಕ್ಷೆ ಬರೆಯುತ್ತಿದ್ದಳು. ಹದಿನಾಲ್ಕು ವರ್ಷಗಳ ಸೇವೆಗೆಂದು ಕಂಪನಿ ಕೊನೆಗೆ ಕೊಟ್ಟ ಗ್ರಾಚ್ಯುಟಿ 12,266 ದಿರ್ಹಮ್. ಬ್ಯಾಗಿನಿಂದ ಆ ಲೆಕ್ಕದ ಹಾಳೆಯನ್ನು ತೆಗೆದು ಇವರು ನನ್ನ ಕೈಗೆ ಕೊಟ್ಟರು, ಏನೂ ಹೇಳಲಿಲ್ಲ.

ನಾನು ಕುಂದಾಪುರದ ಹತ್ತಿರ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಬಡ್ಡಿ, ಬಾಕಿ, ಕಂತು ಎಂದು ದಿನವಿಡೀ ಅಂಕಿಗಳ ಜೊತೆಯಲ್ಲೇ ಇರುವವಳು. ಆ ಹಾಳೆಯನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ತಿಂಗಳಾದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಂಬಳದ ಕಥೆ ಹೇಳುತ್ತೇನೆ. ಇವರ ಕೊನೆಯ ಸಂಬಳ ತಿಂಗಳಿಗೆ 4,200 ದಿರ್ಹಮ್. ಊರಿನಲ್ಲಿ ಎಲ್ಲರೂ, ನಾನೂ ಸೇರಿ, ಅದನ್ನೇ ಸಂಬಳ ಎಂದುಕೊಂಡಿದ್ದೆವು. ಆದರೆ ಚೀಟಿಯಲ್ಲಿ ಬೇಸಿಕ್, ಅಂದರೆ ಮೂಲ ವೇತನ, 1,600 ಮಾತ್ರ. ವಸತಿ ಭತ್ಯೆ 800, ಸಾರಿಗೆ 400, ‘ಇತರೆ’ 1,400. ಏನಿದು ಇತರೆ? ಇವರು ಬೆಳಿಗ್ಗೆ ಆರೂವರೆಗೆ ಸ್ಟೋರಿನ ಬಾಗಿಲು ತೆಗೆಯುತ್ತಿದ್ದುದು ಇತರೆಯೇ? ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಗಾಜಿನ ಪೆಟ್ಟಿಗೆಗಳನ್ನು ಎಣಿಸಿ ಇಳಿಸಿಕೊಳ್ಳುತ್ತಿದ್ದುದು ಇತರೆಯೇ? ಸೇರಿದಾಗ ಒಟ್ಟು ಸಂಬಳ 1,900, ಬೇಸಿಕ್ 1,200 ಇತ್ತು. ಹದಿನಾಲ್ಕು ವರ್ಷಗಳಲ್ಲಿ ಸಂಬಳ 2,300 ಏರಿತು, ಅದರಲ್ಲಿ ಬೇಸಿಕ್‌ಗೆ ಸೇರಿದ್ದು 400. ಮಿಕ್ಕಿದ್ದೆಲ್ಲ ಭತ್ಯೆಯ ಸಾಲಿಗೆ ಹೋಯಿತು. ಪ್ರತಿ ಸಲ ಏರಿಕೆ ಆದಾಗ ಇವರು ಫೋನಿನಲ್ಲಿ ಎಷ್ಟು ಸಂತೋಷದಿಂದ ಹೇಳುತ್ತಿದ್ದರು ಎಂಬುದು ನೆನಪಾದರೆ ಹೊಟ್ಟೆ ಉರಿಯುತ್ತದೆ. ಕೊನೆಯ ದಿನ ಕೊಡಬೇಕಾದದ್ದನ್ನು ಕಡಿಮೆ ಮಾಡುವ ಲೆಕ್ಕವನ್ನು ಕಂಪನಿಯವರು ಆ ಸಂತೋಷದ ದಿನಗಳಲ್ಲೇ ಹಾಕುತ್ತಿದ್ದರು.

ಯಾಕೆಂದರೆ ಯುಎಇಯ ಕಾನೂನಿನಲ್ಲಿ ಗ್ರಾಚ್ಯುಟಿಯನ್ನು ಲೆಕ್ಕ ಹಾಕುವುದು ಕೊನೆಯ ಬೇಸಿಕ್ ವೇತನದ ಮೇಲೆ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್, ಐದು ದಾಟಿದ ಮೇಲೆ ಪ್ರತಿ ವರ್ಷಕ್ಕೆ 30 ದಿನದ್ದು. ಒಟ್ಟು ಮೊತ್ತ ಎರಡು ವರ್ಷದ ವೇತನವನ್ನು ಮೀರುವಂತಿಲ್ಲ. ಭತ್ಯೆಗಳಿಗೆ ಅಲ್ಲಿ ಜಾಗವೇ ಇಲ್ಲ. ನನ್ನ ಅಣ್ಣ ಸೌದಿಯ ಜುಬೈಲ್‌ನಲ್ಲಿದ್ದಾನೆ. ಅಲ್ಲಿ ಮೊದಲ ಐದು ವರ್ಷಗಳಿಗೆ ಅರ್ಧ ತಿಂಗಳು, ಆಮೇಲೆ ಒಂದು ತಿಂಗಳು, ಆದರೆ ಲೆಕ್ಕಕ್ಕೆ ಹಿಡಿಯುವ ವೇತನದಲ್ಲಿ ಭತ್ಯೆಗಳೂ ಸೇರುತ್ತವೆ. ಒಂದೇ ಊರಿನಿಂದ ಹೋದ ಇಬ್ಬರ ಬೆವರಿಗೆ ಗಡಿಯ ಆಚೆ ಒಂದು ಬೆಲೆ, ಈಚೆ ಇನ್ನೊಂದು.

ಇರಲಿ, ಬೇಸಿಕ್ 1,600 ಎಂದು ಒಪ್ಪಂದದಲ್ಲಿದೆ, ಇವರು ಸಹಿ ಹಾಕಿದ್ದಾರೆ, ಅದನ್ನು ನುಂಗಿಕೊಳ್ಳುತ್ತೇನೆ. ಆ 1,600ರ ಮೇಲಾದರೂ ಸರಿಯಾಗಿ ಕೊಟ್ಟರೇ? ಐದು ವರ್ಷಕ್ಕೆ 105 ದಿನ, ಉಳಿದ ಒಂಬತ್ತು ವರ್ಷಕ್ಕೆ 270 ದಿನ, ಒಟ್ಟು 375 ದಿನ. ದಿನಕ್ಕೆ 53 ದಿರ್ಹಮ್ 33 ಫಿಲ್ಸ್. ಇಪ್ಪತ್ತು ಸಾವಿರ ದಿರ್ಹಮ್ ಆಗಬೇಕು. ಇವರ ಕೈಗೆ ಬಂದದ್ದು ಹನ್ನೆರಡು ಸಾವಿರದ ಚಿಲ್ಲರೆ.

ಎರಡು ಕಡೆ ಕತ್ತರಿ ಆಡಿಸಿದ್ದಾರೆ. 2020ರಲ್ಲಿ ಕೊರೊನಾ ಕಾಲಕ್ಕೆ ಕಾರ್ಖಾನೆ ಮುಚ್ಚಿದಾಗ ಇವರನ್ನು ನಾಲ್ಕು ತಿಂಗಳು ಸಂಬಳವಿಲ್ಲದ ರಜೆಯಲ್ಲಿ ಕೂರಿಸಿದ್ದರು. ವೇತನರಹಿತ ದಿನಗಳು ಸೇವಾವಧಿಗೆ ಸೇರುವುದಿಲ್ಲ ಎಂದು ಕಾನೂನೇ ಹೇಳುತ್ತದೆ, ಆ ನಾಲ್ಕು ತಿಂಗಳ ಬಗ್ಗೆ ನನ್ನ ತಕರಾರಿಲ್ಲ. ಅದಕ್ಕೆ ಐನೂರು ಚಿಲ್ಲರೆ ದಿರ್ಹಮ್ ಕಡಿಮೆಯಾಗಬಹುದಿತ್ತು. ಕಂಪನಿಯವರು ಇಡೀ ವರ್ಷವನ್ನೇ ಕಿತ್ತುಹಾಕಿ, ಸೇವೆ ಹದಿಮೂರು ವರ್ಷ ಎಂದು ಬರೆದಿದ್ದಾರೆ. ಒಂದು ವರ್ಷ ಪೂರೈಸಿದವರಿಗೆ ಆಮೇಲಿನ ವರ್ಷದ ತುಂಡು ಭಾಗಕ್ಕೂ ಅದರ ಪ್ರಮಾಣದಲ್ಲಿ ಕೊಡಬೇಕು ಎಂಬ ನಿಯಮ ಕಂಪನಿಗೆ ಗೊತ್ತಿಲ್ಲವೇ? ಸಂಬಳವಿಲ್ಲದ ಆ ನಾಲ್ಕು ತಿಂಗಳು ಎಂಟು ಜನರಿದ್ದ ಕೋಣೆಯಲ್ಲಿ ಕುಬೂಸ್ ಮತ್ತು ದಾಲ್ ತಿಂದು ದಿನ ದೂಡಿದ ಮನುಷ್ಯನಿಗೆ, ಅದೇ ನಾಲ್ಕು ತಿಂಗಳ ಹೆಸರಿನಲ್ಲಿ ಐದು ವರ್ಷಗಳ ನಂತರ ಮತ್ತೆ ಹೊಡೆತ.

ಎರಡನೆಯದು ಇನ್ನೂ ಅನ್ಯಾಯ. ‘ರಾಜೀನಾಮೆ ಕೊಟ್ಟವರಿಗೆ ಮೂರರಲ್ಲಿ ಎರಡು ಭಾಗ ಮಾತ್ರ’ ಎಂದು ಎಚ್‌ಆರ್‌ನವರು ಹೇಳಿದರಂತೆ. ನಾನು ಕಾನೂನನ್ನು ಹುಡುಕಿ ಓದಿದೆ. ಅಂಥ ಕಡಿತ ಇದ್ದದ್ದು 1980ರ ಹಳೆಯ ಕಾನೂನಿನಲ್ಲಿ. ಅವಧಿ ನಿಗದಿಯಿಲ್ಲದ ಒಪ್ಪಂದದವರು ತಾವಾಗಿಯೇ ಬಿಟ್ಟರೆ ಒಂದರಿಂದ ಮೂರು ವರ್ಷದವರಿಗೆ ಮೂರನೇ ಒಂದು, ಮೂರರಿಂದ ಐದು ವರ್ಷದವರಿಗೆ ಮೂರನೇ ಎರಡು. ಐದು ವರ್ಷ ದಾಟಿದವರಿಗೆ ಆಗಲೂ ಪೂರ್ತಿ ಇತ್ತು! 2021ರ 33ನೇ ಸಂಖ್ಯೆಯ ಹೊಸ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಗೆ ಬಂದಿದೆ, ಅದರಲ್ಲಿ ರಾಜೀನಾಮೆಯ ಕಡಿತವನ್ನೇ ತೆಗೆದುಹಾಕಿದ್ದಾರೆ. ಅಂದರೆ ಸತ್ತುಹೋದ ನಿಯಮವೊಂದನ್ನು ಗೋರಿಯಿಂದೆಬ್ಬಿಸಿ, ಅದು ಬದುಕಿದ್ದಾಗಲೂ ಅನ್ವಯವಾಗದಿದ್ದ ಮನುಷ್ಯನ ಮೇಲೆ ಹಾಕಿದ್ದಾರೆ. ಇದನ್ನು ಕೈತಪ್ಪು ಎಂದು ನಾನು ಒಪ್ಪುವುದಿಲ್ಲ. ಕೈತಪ್ಪಾಗಿದ್ದರೆ ಒಮ್ಮೆಯಾದರೂ ಕೆಲಸಗಾರನ ಕಡೆಗೆ ಹೆಚ್ಚು ಬಿದ್ದಿರಬೇಕಿತ್ತು. ಇವರ ಜೊತೆ ಕೆಲಸ ಬಿಟ್ಟ ಇನ್ನಿಬ್ಬರ ಹಾಳೆಗಳನ್ನೂ ತರಿಸಿ ನೋಡಿದೆ, ಅಲ್ಲೂ ಅದೇ ಮೂರನೇ ಎರಡು.

ಸರಿಯಾಗಿ ಲೆಕ್ಕ ಹಾಕಿದರೆ ಇವರಿಗೆ ಇನ್ನೂ ಏಳು ಸಾವಿರ ದಿರ್ಹಮ್‌ಗಿಂತ ಹೆಚ್ಚು ಬರಬೇಕು. ನಮ್ಮ ಹಣದಲ್ಲಿ ಒಂದೂವರೆ ಲಕ್ಷಕ್ಕೂ ಮೇಲೆ. ಕಂಪನಿಗೆ ಅದು ಒಂದು ಲೋಡ್ ಗಾಜಿನ ಬೆಲೆ ಇರಬಹುದು. ನಮಗೆ ಅದು ಹಳೆಯ ಹೆಂಚಿನ ಮಾಡಿನ ರಿಪೇರಿ. ಅತ್ತೆ ಮಳೆಗಾಲಕ್ಕೆ ಮೊದಲೇ ‘ಸೆಟ್ಲ್‌ಮೆಂಟ್ ಬಂತಾ ಮಗಾ’ ಎಂದು ಇವರನ್ನು ಕೇಳಿದರು. ಬಂತು ಎನ್ನಬೇಕೋ ಇಲ್ಲ ಎನ್ನಬೇಕೋ ತಿಳಿಯದೆ ಇವರು ಅಂಗಳಕ್ಕೆ ಎದ್ದುಹೋದರು.

‘ಮತ್ತೆ ಸಹಿ ಯಾಕೆ ಹಾಕಿದಿರಿ’ ಎಂದು ನಾನು ಇವರ ಮೇಲೂ ರೇಗಿದೆ. ಆಮೇಲೆ ಗೊತ್ತಾಯಿತು ಆ ಸಹಿಯ ಕಥೆ. ವೀಸಾ ಕ್ಯಾನ್ಸಲ್ ಮಾಡುವ ದಿನ ಕಂಪನಿಯ ವೀಸಾ ಕಾಗದಪತ್ರ ನೋಡಿಕೊಳ್ಳುವ ಪಿಆರ್‌ಒ ಅರಬ್ಬಿ ಮತ್ತು ಇಂಗ್ಲಿಷ್‌ನಲ್ಲಿದ್ದ ಕಾಗದವನ್ನು ಮುಂದಿಟ್ಟ. ‘ನನಗೆ ಬರಬೇಕಾದ ಎಲ್ಲ ಬಾಕಿಯೂ ಬಂದಿದೆ’ ಎಂದು ಅದರಲ್ಲಿತ್ತು. ಹಣ ಇನ್ನೂ ಬಂದಿಲ್ಲವಲ್ಲ ಎಂದು ಇವರು ಕೇಳಿದರು. ‘ಇದಕ್ಕೆ ಸಹಿ ಆಗದೆ ಕ್ಯಾನ್ಸಲ್ ಆಗುವುದಿಲ್ಲ, ಕ್ಯಾನ್ಸಲ್ ಆಗದೆ ಹಣ ಬರುವುದಿಲ್ಲ’ ಎಂದನಂತೆ. ಇವರು ಹಾಕಿದರು. ಹಣ ಖಾತೆಗೆ ಬಂದದ್ದು ಹನ್ನೊಂದನೆಯ ದಿನ ಸಂಜೆ. ಹದಿನಾಲ್ಕು ದಿನದೊಳಗೆ ಎಲ್ಲವನ್ನೂ ಚುಕ್ತಾ ಮಾಡಬೇಕೆಂಬ ನಿಯಮದ ದಿನಗಳನ್ನು ಪಾಲಿಸಿದರು, ಮೊತ್ತವನ್ನು ಪಾಲಿಸಲಿಲ್ಲ. ಮರುದಿನದ ಮಂಗಳೂರು ವಿಮಾನಕ್ಕೆ ಟಿಕೆಟ್ ಆಗಿತ್ತು. ವೀಸಾ ರದ್ದಾದವನಿಗೆ ಆ ದೇಶದಲ್ಲಿ ಉಳಿದಿರುವುದು ಎಣಿಕೆಯ ದಿನಗಳು, ಕೋಣೆಯ ಮಂಚವನ್ನು ಆಗಲೇ ಇನ್ನೊಬ್ಬನಿಗೆ ಕೊಟ್ಟಾಗಿರುತ್ತದೆ. ಆ ಹೊತ್ತಿನಲ್ಲಿ ಯಾವ ಬಡಪಾಯಿ ಕಚೇರಿ ಕಚೇರಿ ಅಲೆಯುತ್ತಾನೆ? ಅದು ಗೊತ್ತಿದ್ದೇ ಅವರು ಹೀಗೆ ಮಾಡುತ್ತಾರೆ.

ಇನ್ನು ನಮ್ಮವರ ಮಾತು. ‘ಹೋಗಲಿ ಬಿಡಿ, ಕೊಟ್ಟಷ್ಟು ಕೊಟ್ಟರಲ್ಲ’ ಎಂದವರು ಎಷ್ಟು ಜನ! ಕೊಡುವುದಕ್ಕೆ ಇದೇನು ದೇವಸ್ಥಾನದ ಪ್ರಸಾದವೇ? ವರ್ಷ ವರ್ಷವೂ ದುಡಿದು, ಕೊನೆಯಲ್ಲಿ ಸಿಗುತ್ತದೆಂದು ಕಂಪನಿಯ ಹತ್ತಿರವೇ ಬಿಟ್ಟ ಕೂಲಿ ಅದು. ಉಡುಪಿ, ಮಂಗಳೂರು, ಭಟ್ಕಳದ ಎಷ್ಟು ಮನೆಗಳಲ್ಲಿ ಇಂಥ ಹಾಳೆಗಳು ಪಾಸ್‌ಪೋರ್ಟಿನ ಜೊತೆ ಕಪಾಟಿನಲ್ಲಿ ಮಡಚಿ ಕುಳಿತಿರಬಹುದು. ಮೋಸ ಹೋದೆ ಎಂದು ಹೇಳಿಕೊಳ್ಳಲು ನಮ್ಮ ಗಂಡಸರಿಗೆ ನಾಚಿಕೆ. ಗಲ್ಫಿನಿಂದ ಬಂದವನ ಕೈ ತುಂಬಿರಬೇಕು ಎಂದು ಊರು ಕಾಯುತ್ತಿರುತ್ತದೆ.

ಓದುತ್ತಾ ಓದುತ್ತಾ ನನಗೆ ಸಿಕ್ಕಿದ್ದನ್ನು ಹೇಳುತ್ತೇನೆ, ಯಾರಿಗಾದರೂ ಬೇಕಾದೀತು. ಮೊದಲು ದೂರು ಕೊಡಲು ಒಂದೇ ವರ್ಷದ ಗಡುವಿತ್ತು, 2024ರ ತಿದ್ದುಪಡಿಯಿಂದ ಅದು ಕೆಲಸ ಮುಗಿದ ದಿನದಿಂದ ಎರಡು ವರ್ಷಕ್ಕೆ ಏರಿದೆ. ದೂರು ಮೊದಲು ಅಲ್ಲಿನ ಕಾರ್ಮಿಕ ಸಚಿವಾಲಯಕ್ಕೆ ಹೋಗಬೇಕು. 50,000 ದಿರ್ಹಮ್ ಮೀರದ ವಿವಾದವನ್ನು ಸಚಿವಾಲಯವೇ ತೀರ್ಮಾನಿಸಬಹುದು. ನಮ್ಮ ವಿದೇಶಾಂಗ ಇಲಾಖೆಯ ‘ಮದದ್’ ತಾಣದಲ್ಲೂ ದೂರು ದಾಖಲಿಸಬಹುದು, ನಾನು ದಾಖಲಿಸಿದ್ದೇನೆ. ನಮಗೆ 2027ರ ಮಾರ್ಚ್‌ವರೆಗೆ ಸಮಯವಿದೆ. ಬ್ಯಾಂಕಿನ ವಿವರ ನನ್ನ ಹತ್ತಿರ ಇದೆ. ಎಲ್ಲ ಬಾಕಿಯೂ ಬಂದಿದೆ ಎಂಬ ಕಾಗದದ ತಾರೀಕಿಗೂ ಹಣ ಬಂದ ತಾರೀಕಿಗೂ ನಡುವಿನ ಹನ್ನೊಂದು ದಿನಗಳು ಅದರಲ್ಲಿ ಅಚ್ಚಾಗಿವೆ.

ಇವರು ಈಗಲೂ ‘ಬೇಡ ಮಾರಾಯ್ತಿ, ಅವರ ಜೊತೆ ಯಾಕೆ ಜಗಳ’ ಎನ್ನುತ್ತಾರೆ. ಶಾರ್ಜಾದಲ್ಲಿರುವ ಇವರ ಸ್ನೇಹಿತರೊಬ್ಬರ ಹೆಸರಿಗೆ ಅಧಿಕಾರ ಪತ್ರ ಬರೆಸಿಕೊಂಡು ಬಂದಿದ್ದೇನೆ. ನಿನ್ನೆ ರಾತ್ರಿ ಊಟವಾದ ಮೇಲೆ ಅದನ್ನು ಮುಂದಿಟ್ಟೆ. ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಸಿದೆ, ಅರ್ಥವಾಗದ ಕಡೆ ಮಗಳು ಹೇಳಿಕೊಟ್ಟಳು. ಆಮೇಲೆ ಪೆನ್ನು ಕೊಟ್ಟೆ.